ಬಾಗಿಲ ಪಕ್ಕದ ಜಾಗ

ಛತ್ರಿ ಮೇಡಂ ಎಂದರೆ ವಿಶ್ವವಿದ್ಯಾಲಯದಲ್ಲಿ ಎಲ್ಲರಿಗೂ ಗೊತ್ತು. ಆಕಾಶ ತೊಳೆದಿಟ್ಟ ಹಾಗಿರುವ ದಿನವೂ ಅವರ ಮೊಣಕೈಯಲ್ಲಿ ಒಂದು ಕಪ್ಪು ಛತ್ರಿ ತೂಗಾಡುತ್ತಿರುತ್ತದೆ. ಕೈಚೀಲದಲ್ಲಿ ಸೂಜಿ ದಾರ, ತಲೆನೋವಿನ ಮಾತ್ರೆ, ಒಂದು ಜೊತೆ ಕಾಲುಚೀಲ. ಕಾಲುಚೀಲ ಯಾಕೆ ಎಂದು ಯಾರಾದರೂ ಕೇಳಿದರೆ, "ಇರಲಿ ಅಂತ" ಎನ್ನುತ್ತಾರೆ. ಅವರ ಸ್ವಭಾವವೇ ಹಾಗೆ. ಬೆಂಕಿ ಹತ್ತುವ ಮುಂಚೆ ನೀರಿನ ಕೊಡ ತುಂಬಿಟ್ಟು, ಆ ಕೊಡವನ್ನು ಯಾರಾದರೂ ಎಡವಿ ಬಿದ್ದಾರು ಎಂದು ಅದರ ಪಕ್ಕದಲ್ಲೇ ಕಾದು ಕೂರುವ ಪೈಕಿ.

ಮೈಗೋ ಮನಸ್ಸಿಗೋ ಹುಷಾರಿಲ್ಲದೆ ಓದು ಹಿಂದೆ ಬೀಳುತ್ತಿರುವ ವಿದ್ಯಾರ್ಥಿಗಳಿಗೆ ಒತ್ತಾಸೆಯಾಗಿ ನಿಲ್ಲುವುದು ಅವರ ಕೆಲಸ. ಅದಕ್ಕೆಂದು ಕೊಟ್ಟಿದ್ದು ನೆಲಮಹಡಿಯ ಕಟ್ಟಕಡೆಯ ಕೋಣೆ. ಹಿಂದೆ ಅಲ್ಲಿ ಹರಿದ ಭೂಪಟಗಳನ್ನು ಪೇರಿಸಿಡುತ್ತಿದ್ದರು. ಗೋಡೆಯಿಂದ ಈಗಲೂ ಅಂಟಿನ ವಾಸನೆ ಬರುತ್ತದೆ. ಮೇಜನ್ನು ಮೇಡಂ ಮೂಲೆಗೆ ತಳ್ಳಿಬಿಟ್ಟಿದ್ದರು. ಕಿಟಕಿಯ ಕಡೆ ಮುಖ ಮಾಡಿ ಎರಡು ಕುರ್ಚಿ, ಅಕ್ಕಪಕ್ಕ. ಎದುರೆದುರು ಕೂತರೆ ಜನ ತಮ್ಮ ಮುಖ ಕಾಯುವುದರಲ್ಲೇ ಅರ್ಧ ಸುಸ್ತಾಗುತ್ತಾರೆ, ಪಕ್ಕದಲ್ಲಿ ಕೂತು ಇಬ್ಬರೂ ಹೊರಗೆ ನೋಡುತ್ತಿದ್ದರೆ ಮಾತು ತಾನಾಗಿ ಬರುತ್ತದೆ ಎಂದು ಅವರು ವರ್ಷಗಳಿಂದ ಕಂಡುಕೊಂಡಿದ್ದರು. ಹೊರಗೆ ನೋಡಲು ಇದ್ದದ್ದು ಸೈಕಲ್ ನಿಲ್ದಾಣ, ಮತ್ತು ಅಡ್ಡಾದಿಡ್ಡಿ ನಿಂತ ಸೈಕಲ್ಲುಗಳನ್ನು ಬೈಯುತ್ತಾ ಸರಿಪಡಿಸುವ ಕಾವಲುಗಾರ.

ಆ ಹುಡುಗಿ ಮೊದಲ ಸಲ ಬಂದಾಗಲೂ ಕಾವಲುಗಾರ ಒಂದು ಸೈಕಲ್ಲಿಗೆ ಸಹಸ್ರನಾಮ ಮಾಡುತ್ತಿದ್ದ. ಹುಡುಗಿ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದಳು, ಅಷ್ಟು ಉದ್ದ. ತರಗತಿಯಲ್ಲಿ ಅವಳನ್ನು ಜಿರಾಫೆ ಎನ್ನುತ್ತಾರೆಂದು ತಾನೇ ಹೇಳಿ, ನಗಲು ನೋಡಿದಳು, ಆಗಲಿಲ್ಲ. ಕಟ್ಟಡ ವಿನ್ಯಾಸದ ಕೊನೆಯ ವರ್ಷ. ಬೆರಳ ತುದಿಯಲ್ಲೆಲ್ಲ ಪೆನ್ಸಿಲ್ ಮಸಿ.

"ಮೇಡಂ, ನೀವು ಯಾರಿಗೂ ಹೇಳಲ್ಲ ತಾನೇ?"

"ನೀನೇ ಹೇಳು ಅನ್ನೋವರೆಗೂ ಹೇಳಲ್ಲ."

"ಕೇಳಿದ್ರೆ ನಗ್ತೀರ."

"ನಗು ಬಂದ್ರೆ ಇಬ್ರೂ ಸೇರಿ ನಗೋಣ. ಹೇಳಮ್ಮ."

ಹುಡುಗಿ ಸೈಕಲ್ಲುಗಳನ್ನೇ ನೋಡುತ್ತಾ ಹೇಳಿದಳು. ಕರುಳಲ್ಲಿ ಹುಣ್ಣು. ಸಾಮಾನ್ಯದ ಹುಣ್ಣಲ್ಲ, ಬಂದು ಹೋಗಿ ಮತ್ತೆ ಬರುವಂಥದ್ದು. ವೈದ್ಯರು ಅದಕ್ಕೊಂದು ಉದ್ದನೆಯ ಹೆಸರು ಹೇಳಿದ್ದಾರೆ, ಮಾತ್ರೆ ಕೊಟ್ಟಿದ್ದಾರೆ. ಕೆಲವು ವಾರ ಏನೂ ಇಲ್ಲ, ಆಮೇಲೆ ಒಂದು ದಿನ ಶುರು.

"ಬಂತು ಅಂದ್ರೆ ಬಂತು ಮೇಡಂ. 'ಒಂದ್ನಿಮಿಷ ಇರು' ಅನ್ನೋ ಹಾಗಿಲ್ಲ. ಓಡ್ಬೇಕು. ಈ ಊರಲ್ಲಿ ಯಾವ ಬೀದೀಲಿ ಶೌಚಾಲಯ ಇದೆ, ಯಾವುದಕ್ಕೆ ಬೀಗ ಹಾಕಿರ್ತಾರೆ, ಯಾವುದ್ರ ಚಿಲಕ ಮುರಿದಿದೆ, ಎಲ್ಲಾ ನನಗೆ ಬಾಯಿಪಾಠ."

ಮೇಡಂ ನಗಲಿಲ್ಲ. "ಕ್ಲಾಸಲ್ಲಿ?"

"ಅದಕ್ಕೇ ಬಂದಿರೋದು. ಪ್ರಾಜೆಕ್ಟ್ ಕ್ಲಾಸು ಚಿಲಕದ ಮೇಷ್ಟ್ರದು."

ಚಿಲಕದ ಮೇಷ್ಟ್ರೆಂದರೆ ವಿಭಾಗದ ಹಿರಿಯ ಅಧ್ಯಾಪಕರು. ಗಂಟೆ ಬಾರಿಸುತ್ತಲೇ ಎದ್ದು ಹೋಗಿ ಬಾಗಿಲಿಗೆ ಒಳಗಿನಿಂದ ಚಿಲಕ ಜಡಿದುಬಿಡುತ್ತಿದ್ದರು. ಆಮೇಲೆ ಬಂದವನು ಹೊರಗೆ, ಇದ್ದವನು ಒಳಗೆ. ಅವರ ಕೈಯಲ್ಲಿ ಪಾಠ ಕಲಿತವರು ಅವರನ್ನು ಮರೆಯುವುದಿಲ್ಲ, ಆ ಚಿಲಕದ ಸದ್ದನ್ನಂತೂ ಮರೆಯುವುದೇ ಇಲ್ಲ. ಹುಡುಗಿ ಆ ತರಗತಿಯ ದಿನ ಬೆಳಗಿನಿಂದ ಏನೂ ತಿನ್ನುತ್ತಿರಲಿಲ್ಲ, ನೀರನ್ನೂ ಕುಡಿಯುತ್ತಿರಲಿಲ್ಲ. ಆದರೂ ಎರಡು ಸಲ ಹೆದರಿ ಅರ್ಧ ದಾರಿಯಿಂದಲೇ ವಾಪಸ್ಸಾಗಿದ್ದಳು. ಕಡೆಯ ವಾರ ಇಡೀ ತರಗತಿಯ ಮುಂದೆ ನಿಂತು ತನ್ನ ವಿನ್ಯಾಸ ವಿವರಿಸಬೇಕು. ಅದು ತಪ್ಪಿದರೆ ವರ್ಷ ಹೋಯಿತು.

"ವರ್ಷ ಹೋದ್ರೆ ಅಣ್ಣ ಬಂದು ಕರ್ಕೊಂಡು ಹೋಗ್ತಾನೆ ಮೇಡಂ. 'ಹುಷಾರಾದ್ಮೇಲೆ ಓದುವೆಯಂತೆ' ಅಂತಾನೆ. ಪಾಪ, ಪ್ರೀತಿಯಿಂದಾನೇ ಹೇಳೋದು. ಆದ್ರೆ ಇದು ಪೂರ್ತಿ ಹುಷಾರಾಗೋ ಕಾಯಿಲೆ ಅಲ್ವಲ್ಲ. ಅಂದ್ರೆ ನಾನು ಯಾವತ್ತೂ ಓದೋ ಹಾಗಿಲ್ಲ ಅಂತ ಆಯ್ತು."

"ಅಣ್ಣ ಬರೋದು ಬೇಡ," ಎಂದರು ಮೇಡಂ. "ನಾನು ನೋಡ್ಕೋತೀನಿ."

ನೋಡಿಕೊಂಡರು. ಅಂದು ಸಂಜೆಯೇ ಖಾಲಿ ತರಗತಿಗೆ ಹೋಗಿ ಬಾಗಿಲ ಪಕ್ಕದ ಬೆಂಚಿನ ತುದಿಯನ್ನು ಆರಿಸಿದರು. ಅಲ್ಲಿಂದ ಶೌಚಾಲಯಕ್ಕೆ ಗೋಡೆಯಷ್ಟೇ ಅಡ್ಡ. ಒಂದು ದಪ್ಪ ಕಾಗದದ ಮೇಲೆ ದುಂಡಗೆ, "ಈ ಜಾಗ ಒಬ್ಬ ವಿದ್ಯಾರ್ಥಿನಿಗೆ ಮೀಸಲು. ದಯವಿಟ್ಟು ಯಾರೂ ಕೂರಬೇಡಿ" ಎಂದು ಬರೆದು, ಮಾಸದಿರಲೆಂದು ಪ್ಲಾಸ್ಟಿಕ್ ಹೊದಿಸಿ, ನಾಲ್ಕು ಮೂಲೆಗೂ ಅಂಟಿಸಿದರು. ಮಾರನೆಯ ದಿನ ಮೇಷ್ಟ್ರನ್ನು ಕಂಡರು.

"ಸರ್, ಬಾಗಿಲ ಪಕ್ಕ ಕೂರೋ ಹುಡುಗಿ ಮಧ್ಯದಲ್ಲಿ ಎದ್ದು ಹೋಗ್ಬೇಕಾಗ್ಬಹುದು. ತಡೀಬೇಡಿ."

ಮೇಷ್ಟ್ರು ಬಲಕಿವಿ ಮುಂದಾಗುವಂತೆ ಕತ್ತು ತಿರುಗಿಸಿ ಮೇಡಂ ತುಟಿಗಳನ್ನೇ ನೋಡಿದರು. "ಏನಂದ್ರಿ? ಹಾಂ. ಕಾರಣ?"

"ಕಾರಣ ನನ್ನ ಹತ್ರ ಇದೆ ಸರ್. ಅದು ಅಲ್ಲೇ ಇರಲಿ."

"ಇರಲಿ ಬಿಡಿ. ನಮ್ಮ ಕಡೆಯಿಂದ ಆ ಮಗುವಿಗೆ ಒಂದು ಕೊರತೆ ಆಗೋದಿಲ್ಲ. ಮಾತು ಕೊಟ್ಟೆ."

ಹಗುರವಾಗಿ ಮನೆಗೆ ಹೊರಟ ಮೇಡಂಗೆ ತಮ್ಮ ಕಟ್ಟಡದ ಮೆಟ್ಟಿಲಲ್ಲಿ ತಾಯಿ ಸಿಕ್ಕಿದರು. ಇಬ್ಬರೇ ಇದ್ದ ಮನೆ, ಮೂರನೆಯ ಮಹಡಿ, ಲಿಫ್ಟ್ ಇಲ್ಲ. ತಾಯಿಗೆ ನಡುವೆ ಏದುಸಿರು ಬರುತ್ತದೆಂದು ಮೇಡಂ ಹೋದ ತಿಂಗಳು ಎರಡನೆಯ ಮಹಡಿಯ ತಿರುವಿನಲ್ಲಿ ಒಂದು ಸ್ಟೂಲು ತಂದಿಟ್ಟಿದ್ದರು. ಅದರ ಮೇಲೆ ಹೂವಿನ ಚಿತ್ರದ ಮೆತ್ತೆ ಬೇರೆ. ತಾಯಿ ಸ್ಟೂಲಿನ ಪಕ್ಕದಲ್ಲೇ ಕಂಬಿ ಹಿಡಿದು, ತಾಮ್ರದ ಪಾತ್ರೆಯಂತೆ ಕೆಂಪಗಾಗಿ ನಿಂತಿದ್ದರು.

"ಅಮ್ಮ, ಕೂತ್ಕೋಬಾರ್ದಾ? ಅದಕ್ಕೇ ಅಲ್ವಾ ಇಟ್ಟಿರೋದು?"

"ನಾನೇನು ಪ್ರದರ್ಶನದ ಬೊಂಬೆಯೇನೇ? ಮೆತ್ತೆ ಹಾಕಿ ಕೂರಿಸೋಕೆ? ಕೆಳಗಿನ ಮನೆಯವಳು ನೋಡಿ, 'ಅಜ್ಜಿಗೆ ಸಿಂಹಾಸನ ಬಂತು' ಅಂದ್ಲು. ಬಿಡು ಕೈನ."

ಮೇಡಂ ಕೈ ಬಿಟ್ಟರು. ಒಂದು ಮೆಟ್ಟಿಲು ಹಿಂದೆ ನಿಂತು, ಬಿದ್ದರೆ ಹಿಡಿಯಲು ಅನುಕೂಲವಾಗುವಂತೆ ಛತ್ರಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಹತ್ತಿದರು.

ಕೆಲವು ವಾರ ಕಳೆದ ಮೇಲೆ ಹುಡುಗಿ ಬಂದಳು. ಕೆನ್ನೆ ಒಳಗೆ ಹೋಗಿತ್ತು. ಕುರ್ಚಿಯಲ್ಲಿ ಕೂರಲಿಲ್ಲ, ಕಿಟಕಿಗೆ ಬೆನ್ನು ಮಾಡಿ ನಿಂತಳು. ಆ ಕೋಣೆಯಲ್ಲಿ ಹಾಗೆ ಯಾರೂ ನಿಂತದ್ದಿಲ್ಲ.

"ಮೇಡಂ, ನಿಮಗೆ ಕೈ ಮುಗೀತೀನಿ. ನಿಮ್ಮ ಉಪಕಾರ ಸಾಕು."

"ಯಾಕಮ್ಮ? ತಡೆದ್ರಾ?"

"ತಡೆದಿದ್ರೆ ಚೆನ್ನಾಗಿತ್ತು! ನಾನು ಏಳೋದೇ ತಡ, ಅವರು ಸೀಮೆಸುಣ್ಣ ಕೆಳಗಿಡ್ತಾರೆ. ಅಷ್ಟು ದೂರದಿಂದ ನಡೆದು ಬಂದು ತಾವೇ ಚಿಲಕ ತೆಗೆದು, ದೊಡ್ಡ ಹೋಟೆಲ್ ಬಾಗಿಲಲ್ಲಿ ನಿಂತಿರ್ತಾರಲ್ಲ, ಹಾಗೆ ನಿಲ್ತಾರೆ. ಆಮೇಲೆ ಕ್ಲಾಸಿಗೆ ಹೇಳ್ತಾರೆ, 'ಅವಳು ಬರಲಿ. ಅವಳಿಗೆ ಪಾಠ ತಪ್ಪಬಾರದು. ಅಲ್ಲಿವರೆಗೂ ಎಲ್ಲರೂ ಮೌನವಾಗಿರಿ.'"

ಮೇಡಂ ಬಾಯಿಗೆ ಕೈ ಹೋಯಿತು.

"ಇಡೀ ಕ್ಲಾಸು ಉಸಿರು ಬಿಗಿಹಿಡ್ಕೊಂಡು ಕೂತಿರತ್ತೆ ಮೇಡಂ. ಗೋಡೆ ಆಚೆಗೇ ನಾನು. ನಾನು ನಲ್ಲಿ ತಿರುಗಿಸೋದೂ ಅವರಿಗೆ ಕೇಳ್ಸತ್ತೆ. ಬೇರೆ ಏನೇನು ಕೇಳ್ಸತ್ತೋ ನೀವೇ ಅಂದಾಜು ಮಾಡ್ಕೊಳ್ಳಿ."

ಹುಡುಗಿ ಅಲ್ಲಿಗೇ ನಿಲ್ಲಿಸಲಿಲ್ಲ. "ನಾನು ಒಳಗೆ ಬಂದ್ರೆ ಹಿಂದಿನ ಬೆಂಚಿನವರು 'ಯುವರಾಣಿ ದಯಮಾಡಿಸಿದರು' ಅಂತಾರೆ. ನಿಮ್ಮ ಆ ಕಾಗದದ ಮೇಲೆ ಯಾರೋ ಕಿರೀಟ ಬರೆದಿದಾರೆ. ಕೀಳೋಕೂ ಆಗಲ್ಲ, ಮೇಲೆ ಪ್ಲಾಸ್ಟಿಕ್ ಹಾಕಿ ಅಷ್ಟು ಚೆನ್ನಾಗಿ ಅಂಟಿಸಿದ್ದೀರ."

"ನಿನ್ನನ್ನ ಒಂದು ಮಾತು ಕೇಳದೆ ಅಂಟಿಸಿಬಿಟ್ಟೆ," ಎಂದರು ಮೇಡಂ.

"ಹೌದು ಮೇಡಂ. ಕೇಳ್ಲಿಲ್ಲ." ಹುಡುಗಿ ಕೈಚೀಲ ಹೆಗಲಿಗೇರಿಸಿದಳು. "ನಾನು ಕೊನೇ ದಿನ ಬರಲ್ಲ. ಅಣ್ಣಂಗೆ ಫೋನ್ ಮಾಡ್ತೀನಿ."

"ಮಾಡು. ಆದ್ರೆ ಈ ವಾರ ಬೇಡ. ಇನ್ನೊಂದೇ ಒಂದು ಅವಕಾಶ ಕೊಡು ನನಗೆ. ಈ ಸಲ ನಿನ್ನ ಕೇಳದೆ ಒಂದು ಮೊಳೇನೂ ಹೊಡೆಯಲ್ಲ."

ಹುಡುಗಿ ತಲೆ ಬಗ್ಗಿಸಿ ಬಾಗಿಲು ದಾಟಿ ಹೋದಳು.

ಅಂದು ಮೇಡಂ ಮನೆಗೆ ಕಾಲೆಳೆದುಕೊಂಡು ಹೋದರು. ತಡೆಯಬೇಡಿ ಎಂದು ಹೇಳಿದ್ದು ತಾವೇ. ಕೊರತೆಯಾಗಬಾರದೆಂದು ಮೇಷ್ಟ್ರು ಒಂದು ಹೆಜ್ಜೆ ಮುಂದೆ ಹೋದರು. ಇಬ್ಬರ ಮರ್ಯಾದಸ್ತಿಕೆಯ ನಡುವೆ ಆ ಮಗುವಿನ ಮಾನ ಹರಾಜಾಯಿತು. ಮೆಟ್ಟಿಲು ಹತ್ತುತ್ತಾ ಇದನ್ನೇ ಮೆಲುಕು ಹಾಕುತ್ತಿದ್ದ ಮೇಡಂ ಎರಡನೆಯ ಮಹಡಿಯ ತಿರುವಿನಲ್ಲಿ ನಿಂತುಬಿಟ್ಟರು.

ತಾಯಿ ಸ್ಟೂಲಿನ ಮೇಲೆ ಕೂತಿದ್ದರು. ಆರಾಮಾಗಿ, ಕಾಲು ಚಾಚಿಕೊಂಡು. ಮೆತ್ತೆ ಎಲ್ಲೋ ಮಾಯವಾಗಿತ್ತು. ಪಕ್ಕದಲ್ಲಿ ಇನ್ನೂ ಎರಡು ಸ್ಟೂಲುಗಳು. ಒಂದರ ಕಾಲಿಗೆ ಹಗ್ಗ ಬಿಗಿದಿತ್ತು. ಕೆಳಗಿನ ಮನೆಯವಳು ಒಂದರ ಮೇಲೆ ತರಕಾರಿ ಚೀಲವಿಟ್ಟು ಬೆರಳು ನೀವಿಕೊಳ್ಳುತ್ತಿದ್ದಳು. ಎದುರು ಮನೆಯ ಅಂಚೆಯವರು ಇನ್ನೊಂದರ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದರು.

"ಇದೇನಮ್ಮ?"

"ಏನು ಏನು? ಇವರ ಮಂಡಿ ನೋವಂತೆ, ಇವಳ ಚೀಲ ಭಾರ ಅಂತೆ. ತಂದಿಟ್ಕೊಂಡ್ರು. ನಾನೂ ಕೂತೆ," ಎಂದರು ತಾಯಿ. "ಹೋಗು, ಟೀಗೆ ಇಡು. ಮಾತು ಮುಗಿಸಿ ಬರ್ತೀನಿ."

ಮೇಡಂ ಹೋಗಲಿಲ್ಲ. ಸುಮ್ಮನೆ ನೋಡುತ್ತಾ ನಿಂತರು. ಅಂಚೆಯವರು ಬೂಟು ಕೈಯಲ್ಲಿ ಹಿಡಿದು ಎದ್ದು ಹೋದರು. ತಾಯಿ ಅಲ್ಲಿ ಕೂತದ್ದನ್ನು ಯಾರೂ ವಿಶೇಷವೆಂದು ನೋಡಲಿಲ್ಲ.

ಮರುದಿನ ಹುಡುಗಿಯನ್ನು ಹುಡುಕಿಕೊಂಡು ಹೋಗಿ, ಗ್ರಂಥಾಲಯದ ಹಿಂದಿನ ಜಗಲಿಯಲ್ಲಿ ಹಿಡಿದರು. ಚಿಲಕ ತೆಗೆಸಿ, ಬಾಗಿಲನ್ನು ಎಲ್ಲರಿಗೂ ಬಿಟ್ಟರೆ ಹೇಗೆ ಎಂದು ಕೇಳಿದರು.

"ಎಲ್ಲರಿಗೂ ಅಂದ್ರೆ?"

"ಯಾರು ಬೇಕಾದ್ರೂ, ಯಾವಾಗ ಬೇಕಾದ್ರೂ. ಕೇಳೋದೂ ಇಲ್ಲ, ಹೇಳೋದೂ ಇಲ್ಲ."

ಹುಡುಗಿ ಯೋಚಿಸಿದಳು. "ಆ ಕಾಗದ ಕಿತ್ತುಹಾಕ್ಬೇಕು."

"ನಾನೇ ಕೀಳ್ತೀನಿ."

"ಮತ್ತೆ ನೀವು ಆ ದಿನ ಬಂದು ಬಾಗಿಲ ಹತ್ರ ನಿಂತ್ಕೋಬಾರದು. ನೀವು ನಿಂತ್ಕೋತೀರ. ನನಗ್ಗೊತ್ತು."

"ಛೆ ಛೆ, ನಾನ್ಯಾಕೆ ನಿಂತ್ಕೊಳ್ಳಲಿ?"

"ಹಾಗಾದ್ರೆ ನೋಡೋಣ," ಎಂದಳು. "ಮೇಷ್ಟ್ರು ಒಪ್ಪಿದ್ರೆ ಅಲ್ವಾ."

ಮೇಡಂ ಕರೆದ ಕೂಡಲೇ ಮೇಷ್ಟ್ರು ಕೋಣೆಗೆ ಬಂದರು. ಮೇಡಂ ತೋರಿಸಿದ ಕುರ್ಚಿಯಲ್ಲಿ ಕೂರದೆ, ಸುತ್ತಿ ಬಂದು ಆಚೆಯದರಲ್ಲಿ ಕೂತರು. ಅವರ ಬಲಕಿವಿ ಮೇಡಂ ಕಡೆಗಾಯಿತು. ಮೇಡಂ ಇದನ್ನು ಹಿಂದೆಯೂ ಗಮನಿಸಿದ್ದರು, ಸಭೆಗಳಲ್ಲಿ, ಕಾರಿಡಾರಿನಲ್ಲಿ. ಗಮನಿಸಿದ್ದನ್ನೆಲ್ಲ ಆಡಬಾರದೆಂದು ಸುಮ್ಮನಿದ್ದರು.

"ಸರ್, ನಿಮ್ಮ ಬಾಗಿಲ ಚಿಲಕ ತೆಗೆಸೋಣ ಅಂತ."

"ಆಗಲ್ಲ ಮೇಡಂ." ಯೋಚನೆಯೇ ಇಲ್ಲದ ಉತ್ತರ. "ಬೇರೆ ಏನು ಬೇಕಾದ್ರೂ ಕೇಳಿ."

ಮೇಡಂ ಒತ್ತಾಯಿಸಲಿಲ್ಲ. ಹೊರಗೆ ಕಾವಲುಗಾರ ಒಂದು ಕೆಂಪು ಸೈಕಲ್ಲನ್ನು ಎತ್ತಿ ಸಾಲಿಗೆ ಸೇರಿಸಿದ. ಅದು ಬಿತ್ತು. ಮತ್ತೆ ಎತ್ತಿದ. ಮತ್ತೆ ಬಿತ್ತು.

"ಅವನು ಏನೋ ಅಂತಿದಾನಲ್ಲ, ಏನದು?" ಎಂದರು ಮೇಷ್ಟ್ರು.

"ಬಾಯಿಬಿಟ್ಟು ಹೇಳೋ ಹಾಗಿಲ್ಲ ಸರ್."

ಮೇಷ್ಟ್ರು ನಕ್ಕರು. ನಗು ನಿಂತ ಮೇಲೂ ಹೊರಗೇ ನೋಡುತ್ತಿದ್ದರು. "ನಂಗದು ಕೇಳ್ಸಲಿಲ್ಲ. ಈ ಎಡಗಿವಿ ಹೋಗಿ ವರ್ಷಗಳಾಯ್ತು ಮೇಡಂ. ಚಿಲಕ ಹಾಕದೇ ಇದ್ರೆ ಆ ಬಾಗಿಲು ಗಾಳಿಗೆ ಹಾರ್ಕೊಂಡು ತೆರ್ಕೊಳತ್ತೆ. ಹೊರಗಿನ ಗದ್ದಲ ಎಲ್ಲಾ ಒಳಗೆ. ಆಮೇಲೆ ಮಕ್ಕಳು ಏನು ಕೇಳ್ತಿದಾರೋ ಗೊತ್ತಾಗಲ್ಲ. ಪ್ರಶ್ನೆ ಒಂದು, ನನ್ನ ಉತ್ತರ ಇನ್ನೊಂದು. ಶಿಸ್ತು ಗಿಸ್ತು ಎಲ್ಲಾ ಸುಳ್ಳು."

"ವಿಭಾಗದಲ್ಲಿ ಯಾರಿಗೂ ಹೇಳಿಲ್ವಾ?"

"ಹೇಳಿದ್ರೆ ಮಾರನೇ ದಿನದಿಂದ ಎಲ್ಲರೂ ಕಿವಿ ಹತ್ರ ಬಂದು ಕಿರುಚ್ತಾರೆ. 'ಸರ್, ಕಾಫೀ ಕುಡೀತೀರಾ' ಅಂತ ಊರಿಗೆಲ್ಲ ಕೇಳೋ ಹಾಗೆ. ಒಳ್ಳೇ ಮನಸ್ಸಿಂದಾನೇ..."

ಅವರು ಮೆಲ್ಲನೆ ಮೇಡಂ ಕಡೆ ತಿರುಗಿದರು.

"ಆ ಹುಡುಗಿ ಎರಡು ವಾರದಿಂದ ಬಂದಿಲ್ಲ. ನಾನು ಅವಳು ಬರೋವರೆಗೂ ಪಾಠ ನಿಲ್ಲಿಸ್ತಿದ್ದೆ."

"ಕೇಳಿದೆ ಸರ್."

"ನಾನು ಮರ್ಯಾದೆ ಕೊಡ್ತಿದ್ದೀನಿ ಅಂತ ತಿಳ್ಕೊಂಡಿದ್ದೆ."

"ನಾನು ಪ್ಲಾಸ್ಟಿಕ್ ಹಾಕಿ ಅಂಟಿಸಿದ್ದೆ ಸರ್. ನೀವೊಬ್ಬರೇ ಅಲ್ಲ."

ಹೊರಗೆ ಕೆಂಪು ಸೈಕಲ್ಲು ಕೊನೆಗೂ ನಿಂತಿತ್ತು. ಹುಡುಗಿಯ ಕಾರಣ ಏನೆಂದು ಮೇಷ್ಟ್ರು ಕೇಳಲಿಲ್ಲ; ಕೇಳಿದ್ದರೂ ಮೇಡಂ ಹೇಳುತ್ತಿರಲಿಲ್ಲ. ಚಿಲಕವಿಲ್ಲದೆ, ಯಾರೂ ಮುಟ್ಟದೆ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಸಿಗುತ್ತದೆಯೇ ಎಂದು ಮೇಷ್ಟ್ರೇ ಕೇಳಿದರು. ಬ್ಯಾಂಕಿನಲ್ಲಿ ಇರುತ್ತದಲ್ಲ, ಮೇಲೊಂದು ಕಬ್ಬಿಣದ ತೋಳು ಇರುವಂಥದ್ದು.

ಬಡಗಿ ಬಂದು ಆ ತೋಳು ಕೂರಿಸಿದ. ಚಿಲಕ ಕಿತ್ತ ಜಾಗದಲ್ಲಿ ಮರದ ಹಸಿ ಬಣ್ಣ ಕಾಣುತ್ತಿತ್ತು. "ಇದನ್ನ ಯಾಕೆ ತೆಗೆಸಿದ್ರಿ ಮೇಡಂ? ಗಟ್ಟಿಮುಟ್ಟಾಗಿತ್ತಲ್ಲ," ಎಂದ. ಮೇಡಂ ಬೆಂಚಿನ ಮುಂದೆ ಮಂಡಿಯೂರಿ, ತಮ್ಮದೇ ದುಂಡಕ್ಷರವನ್ನು ಕಿರೀಟದ ಸಮೇತ ಚಾಕುವಿನಿಂದ ಕೆರೆಯುತ್ತಿದ್ದರು.

ಆ ವಾರದ ತರಗತಿಯಲ್ಲಿ ಮೇಷ್ಟ್ರು, "ಹೋಗೋರು ಹೋಗಿ, ಬರೋರು ಬನ್ನಿ. ನನ್ನನ್ನ ಕೇಳ್ಬೇಡಿ. ನಾನೂ ಕಾಯೋದಿಲ್ಲ" ಎಂದು ಘೋಷಿಸಿದರಂತೆ. ನಂಬದ ಹಿಂದಿನ ಬೆಂಚಿನವನೊಬ್ಬ ಪರೀಕ್ಷೆ ಮಾಡಲು ಆಗಲೇ ಎದ್ದು ಹೋಗಿ, ಬಾಯಲ್ಲಿ ಏನೋ ಅಗಿಯುತ್ತಾ ವಾಪಸ್ಸು ಬಂದ. ಮೇಷ್ಟ್ರು ಹಲಗೆಯಿಂದ ತಿರುಗಲೇ ಇಲ್ಲ. ಅವತ್ತೇ ಇನ್ನೂ ಕೆಲವರು ಎದ್ದು ಹೋಗಿ ಬಂದರು. ಒಬ್ಬಳು ಅಳಲು, ಒಬ್ಬ ಫೋನಿಗೆ, ಉಳಿದವರು ಸುಮ್ಮನೆ. ಇದನ್ನೆಲ್ಲ ಹುಡುಗಿಯೇ ಕಿಟಕಿಯ ಮುಂದಿನ ಕುರ್ಚಿಯಲ್ಲಿ ಕೂತು ವರದಿ ಮಾಡಿದಳು. ಅವಳು ಎಲ್ಲಿ ಕೂತಿದ್ದಳೆಂದು ಮೇಡಂ ಕೇಳಬೇಕೆಂದುಕೊಂಡು ನಾಲಿಗೆ ಕಚ್ಚಿಕೊಂಡರು.

ಕೊನೆಯ ದಿನ ಬಂತು. ನಿಂತುಕೊಳ್ಳುವುದಿಲ್ಲ ಎಂದು ಮಾತು ಕೊಟ್ಟಿದ್ದ ಮೇಡಂ, ಮಾತು ತಪ್ಪದ ಹಾಗೆ ಕಾರಿಡಾರಿನಲ್ಲಿ ನಡೆದಾಡುತ್ತಿದ್ದರು. ಕಬ್ಬಿಣದ ತೋಳು ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಬೇಡವೇ? ಶೌಚಾಲಯದಲ್ಲಿ ನೀರು ಬರುತ್ತಿದೆಯೋ ಇಲ್ಲವೋ? ಬರುತ್ತಿತ್ತು. ಮತ್ತೊಮ್ಮೆ ನೋಡಿದರು. ಆಗಲೂ ಬರುತ್ತಿತ್ತು.

ಒಳಗಿನಿಂದ ಹುಡುಗಿಯ ದನಿ ಕೇಳಿಸಿತು, ಮೊದಲು ನಡುಗುತ್ತಾ, ಆಮೇಲೆ ಗಟ್ಟಿಯಾಗಿ. ಉಳಿದವರೆಲ್ಲ ವಸ್ತುಸಂಗ್ರಹಾಲಯ, ಸಂಗೀತ ಮಂದಿರ ಬಿಡಿಸಿದ್ದರೆ ಇವಳು ಬಸ್ ನಿಲ್ದಾಣ ಬಿಡಿಸಿದ್ದಳು. ಕೂರುವ ಜಾಗ, ನೆರಳು, ಮತ್ತೆ ಶೌಚಾಲಯಗಳು. ಒಂದು ಮೂಲೆಯಲ್ಲಿ ಬಚ್ಚಿಟ್ಟದ್ದಲ್ಲ. ಎಲ್ಲಿ ನಿಂತರೂ ಕಣ್ಣಿಗೆ ಬೀಳುವಂತೆ.

"ಇಷ್ಟೊಂದು ಯಾಕೆ?" ಎಂದು ಮೇಷ್ಟ್ರು ಕೇಳಿದ್ದು ಹೊರಗೂ ಕೇಳಿಸಿತು.

"ಬಸ್ಸು ಕಾಯತ್ತೆ ಸರ್, ಕೆಲವು ವಿಷಯ ಕಾಯಲ್ಲ."

ತರಗತಿ ಗೊಳ್ಳೆಂದಿತು. ಅವಳೂ ನಕ್ಕದ್ದು ಕೇಳಿಸಿತು. ಮೇಡಂ ಛತ್ರಿಯ ಹಿಡಿ ಹಿಡಿದು ನಿಂತರು. ನಡೆದಾಡುವುದು ಯಾವಾಗಲೋ ಮರೆತುಹೋಗಿತ್ತು.

ಆಮೇಲೆ ಮೇಲ್ಛಾವಣಿಯ ವಿಷಯ ಬಂತು, ಮಳೆನೀರು ಹರಿಯುವ ದಾರಿ ಬಂತು, ಮತ್ತು ಅರ್ಧ ವಾಕ್ಯಕ್ಕೆ ದನಿ ನಿಂತಿತು.

"ಈಗ ಬಂದೆ," ಎಂದಳು ಹುಡುಗಿ.

ಬಾಗಿಲು ತೆರೆಯಿತು. ಅವಳು ಬೀಸು ಹೆಜ್ಜೆಯಲ್ಲಿ, ಅಕ್ಕಪಕ್ಕ ನೋಡದೆ ಮೇಡಂ ಮುಂದೆಯೇ ಹಾದುಹೋದಳು. ಹಿಂದೆ ಬಾಗಿಲು ತಾನಾಗಿ, ಸದ್ದಿಲ್ಲದೆ ಮುಚ್ಚಿಕೊಂಡಿತು. ಈಗ ಒಳಗೆ ಎಲ್ಲರೂ ಸುಮ್ಮನಾಗುತ್ತಾರೆ, ಗೋಡೆಗೆ ಕಿವಿ ಕೊಡುತ್ತಾರೆ ಎಂದು ಮೇಡಂ ಕಾದರು.

ಒಳಗೆ ಯಾರೋ ಪೆನ್ಸಿಲ್ ಕೇಳಿದರು. ಯಾರೋ ಬೆಂಚು ಎಳೆದರು. ಮಳೆನೀರು ಆ ಕಡೆ ಹರಿಯುವುದಿಲ್ಲ, ಈ ಕಡೆ ಹರಿಯುತ್ತದೆಂದು ಇಬ್ಬರು ಜಗಳಕ್ಕೆ ಬಿದ್ದರು. ನಾಲ್ಕು ಜನ ಸೇರಿಕೊಂಡರು. ಗದ್ದಲ ಏರಿತು. ಗದ್ದಲವಾದರೆ ಪ್ರಶ್ನೆ ಕೇಳಿಸದ ಮೇಷ್ಟ್ರು ಅದನ್ನು ನಿಲ್ಲಿಸಲಿಲ್ಲ. "ಹಾಗಲ್ವೋ ದಡ್ಡ, ಇಳಿಜಾರು ನೋಡು!" ಎಂದು ತಾವೂ ದನಿ ಸೇರಿಸಿದರು. ಸಂತೆಯೇ ನೆರೆದ ಹಾಗಾಯಿತು. ಅಷ್ಟು ಗದ್ದಲದ ತರಗತಿಯನ್ನು ಮೇಡಂ ತಮ್ಮ ಜನ್ಮದಲ್ಲಿ ಕೇಳಿರಲಿಲ್ಲ, ಅಷ್ಟು ಹಿತವಾಗಿ ಯಾವ ಗದ್ದಲವೂ ಅವರಿಗೆ ಕೇಳಿಸಿರಲಿಲ್ಲ.

ಹುಡುಗಿ ಒದ್ದೆ ಕೈಗಳನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ವಾಪಸ್ಸು ಬಂದಳು. ಮುಖ ಬಿಳಿಚಿತ್ತು. ಈಗ ಮೇಡಂ ಕಣ್ಣಿಗೆ ಬಿದ್ದರು.

"ಮೇಡಂ. ನೀವಿಲ್ಲಿ?"

"ಬಾಗಿಲು ನೋಡೋಕೆ ಬಂದೆ ಕಣಮ್ಮ. ಬಡಗಿ ಕೆಲಸ ಹೇಗಿದೆ ಅಂತ."

"ನೋಡಿ ಆಯ್ತಾ?"

ಹೇಗಿದ್ದೀಯ, ನೋವಿದೆಯಾ, ನೀರು ಕುಡಿದೆಯಾ, ಸ್ವಲ್ಪ ಕೂರುತ್ತೀಯಾ, ಎಲ್ಲ ಪ್ರಶ್ನೆಗಳೂ ಮೇಡಂ ಗಂಟಲಲ್ಲಿ ಸಾಲುಗಟ್ಟಿ ನಿಂತಿದ್ದವು.

"ಆಯ್ತು," ಎಂದರು.

"ಹಾಗಾದ್ರೆ ಸ್ವಲ್ಪ ಸರೀರಿ ಮೇಡಂ. ದಾರಿಗೆ ಅಡ್ಡ ನಿಂತಿದ್ದೀರ. ಮಳೆನೀರು ಯಾವ ಕಡೆ ಹರಿಯತ್ತೆ ಅಂತ ಆ ದಡ್ಡರಿಗೆ ನಾನು ಹೇಳ್ಬೇಕು."

ಮೇಡಂ ಸರಿದರು. ಹುಡುಗಿ ತಲೆ ಬಗ್ಗಿಸಿ ಒಳಗೆ ಹೋದಳು. ಬಾಗಿಲು ಮುಚ್ಚಿತು. ಒಳಗೆ ಅವಳ ದನಿ ಗದ್ದಲವನ್ನು ಸೀಳಿಕೊಂಡು ಎದ್ದಿತು. ಮೇಡಂ ಅದನ್ನು ಪೂರ್ತಿ ಕೇಳಲು ನಿಲ್ಲದೆ, ಛತ್ರಿಯನ್ನು ಮೊಣಕೈಗೆ ಸಿಕ್ಕಿಸಿಕೊಂಡು ಕಾರಿಡಾರಿನ ಕಡೆಯ ಕೋಣೆಗೆ ಹೊರಟರು. ಅಲ್ಲಿ ಯಾರೋ ಆಗಲೇ ಬಂದು, ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.